ಭಟ್ಕಳದಿಂದ ಚಂದಾವರಕ್ಕೆ

ಉತ್ತರಕನ್ನಡದ ಕರಾವಳಿಯಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಾವು. ಆದರೂ ಆ ಸೀಮೆಯನ್ನು ಸಾವಧಾನವಾಗಿ ನೋಡಿದವರಲ್ಲ. ಶಾಲೆಯ ಗಂಟೆಯೂ ಬಸ್ಸಿನ ವೇಳೆಯೂ ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಈ ಊರುಗಳು ಕಿಟಕಿಯಾಚೆಗೆ ಓಡುವ ವಸ್ತುಗಳಾಗಿದ್ದುವೇ ಹೊರತು, ನಿಂತು ಮಾತಾಡಿಸುವ ನೆಂಟರಾಗಿರಲಿಲ್ಲ. ನಿವೃತ್ತರಾದ ಮೇಲೆ ನಮ್ಮ ಹಳೆಯ ಶಿಷ್ಯನೊಬ್ಬನಿಂದ ಕರೆ ಬಂದಿತು. ಡಿಸೆಂಬರ್ ೩ರಂದು ಚಂದಾವರದ ಇಗರ್ಜಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಮಾಸ್ತರರು ಅಮ್ಮನವರೊಡನೆ ಬಂದು ತಮ್ಮ ಮನೆಯಲ್ಲಿ ಉಂಡು ಹೋಗಬೇಕು ಎಂದು. ಕರೆಯನ್ನು ಕೇಳಿ ನಮಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಅದರ ಕಾರಣವನ್ನು ಮುಂದೆ ಹೇಳುವೆವು. ಅಂತೂ ಹೊರಟೆವು, ಹೊರಟ ಮೇಲೆ ಭಟ್ಕಳದಿಂದಲೇ ಆರಂಭಿಸಿ ಬಡಗಣಕ್ಕೆ ಮೆಲ್ಲನೆ ಬರೋಣವೆಂದು ನಿಶ್ಚಯಿಸಿದೆವು.

ಭಟ್ಕಳವು ಒಂದು ಕಾಲಕ್ಕೆ ಮೆಣಸಿನ ಬಂದರು. ಘಟ್ಟದ ಮೇಲಿನ ಸರಕು ಇಲ್ಲಿ ಇಳಿಯುತ್ತಿತ್ತು, ಅರಬರ ಕುದುರೆಗಳು ಇಲ್ಲಿ ಹತ್ತುತ್ತಿದ್ದುವು. ಆ ಐಶ್ವರ್ಯವೇ ಅದಕ್ಕೆ ಮುಳುವೂ ಆಯಿತು. ೧೫೪೨ರಲ್ಲಿ ಪೋರ್ತುಗೀಸರು ಊರನ್ನು ಸುಟ್ಟು ಸೂರೆಗೊಂಡರು. ಈಗ ಉಳಿದಿರುವ ಶಿಲಾಮಂದಿರಗಳಲ್ಲಿ ಖೇತಪೈ ನಾರಾಯಣ ದೇವಸ್ಥಾನವನ್ನು ನೋಡದೆ ಬರಬಾರದು. ಹುಲ್ಲಿನ ಮಾಡಿನಂತೆ ಇಳಿಜಾರಾದ ಕಲ್ಲಿನ ಚಪ್ಪಡಿಗಳು, ಗೋಡೆಯ ಮೇಲೆ ರಾಮಾಯಣದ ಕಥೆ. ಮಳೆಗೆ ಹೆದರಿದ ಶಿಲ್ಪಿ ದೇವರಿಗೂ ನಮ್ಮ ಕರಾವಳಿಯ ಮನೆಯನ್ನೇ ಕಟ್ಟಿಕೊಟ್ಟನಷ್ಟೆ! ಸಮೀಪದಲ್ಲಿಯೇ ಜೈನರ ಚಂದ್ರನಾಥ ಬಸದಿ. ಇನ್ನೊಂದು ಬೀದಿಗೆ ತಿರುಗಿದರೆ ನವಾಯತ ಮುಸಲ್ಮಾನರ ಹಳೆಯ ಮನೆಗಳು. ಅವರ ಮನೆಮಾತು ಕೊಂಕಣಿಯ ಒಡಹುಟ್ಟು. ಅದರಲ್ಲಿ ಅರಬ್ಬಿ ಪಾರಸಿ ಶಬ್ದಗಳು ಬೆರೆತಿವೆ. ಅಲ್ಲಿಯ ಅಂಗಡಿಯ ವೃದ್ಧರೊಬ್ಬರು ನಮ್ಮ ಮನೆಯವರಿಗೆ ಮಲ್ಲಿಗೆಯ ದಂಡೆಯನ್ನು ಕೊಟ್ಟು ದುಡ್ಡು ತೆಗೆದುಕೊಳ್ಳಲೊಲ್ಲದೆ ಹೋದರು. ಇಂಥ ಪೇಟೆಯಲ್ಲಿ ಒಬ್ಬರನ್ನೊಬ್ಬರು ‘ನೀವು ಮೊದಲು ಏನಾಗಿದ್ದಿರಿ?’ ಎಂದು ಕೇಳುತ್ತ ಹೋದರೆ ಸಂಜೆಯೊಳಗೆ ಯಾರಿಗೂ ಯಾರ ಮುಖವೂ ಉಳಿಯದು.

ಈ ಪ್ರಶ್ನೆಯೇ ನಮ್ಮ ಸಂಕೋಚದ ಮೂಲ. ವಾಚಕರಿಗೆ ಹೇಳಿಬಿಡುವುದು ಲೇಸು.

ನಾವು ನೌಕರಿಗೆ ಸೇರಿದ ಮೊದಲ ವರ್ಷ, ಹೊಳೆಯ ದಂಡೆಯ ಒಂದು ಶಾಲೆಯಲ್ಲಿ, ಜೂನ್ ತಿಂಗಳ ಮಳೆಯಲ್ಲಿ, ಮರಗೆಲಸದವನೊಬ್ಬನು ಆರು ವರ್ಷದ ಮಗನ ಕೈಹಿಡಿದುಕೊಂಡು ಬಂದನು. ದಾಖಲೆಯ ಪುಸ್ತಕವನ್ನು ಬರೆಯುವ ಕೆಲಸ ನಮ್ಮದು. ಹೆಸರಾಯಿತು, ಹುಟ್ಟಿದ ದಿನವಾಯಿತು. ಜಾತಿಯ ಅಂಕಣ ಬಂದಾಗ ಅವನು ‘ಕಿರಿಸ್ತಾಂವ್’ ಎಂದನು. ಅದು ಧರ್ಮವಾಯಿತು, ಜಾತಿ ಯಾವುದು ಎಂದೆವು. ಅದೇ, ಎಂದನು. ಕಾವ್ಯ ವ್ಯಾಕರಣಗಳನ್ನೋದಿದ ಗರ್ವ ನಮಗೆ ಆಗ ಎಳೆಯದಾಗಿ ಖಾರವಾಗಿತ್ತು. “ಅದಕ್ಕೆ ಮೊದಲು ಏನಾಗಿದ್ದಿರಿ?” ಎಂದು ಕೇಳಿದೆವು. ಅವನು ಸ್ವಲ್ಪ ಯೋಚಿಸಿ, “ಅದಕ್ಕೆ ಮೊದಲು ನಾವು ಇರಲಿಲ್ಲ, ಮಾಸ್ತರ್ರೇ” ಎಂದನು.

ಬಾಗಿಲಲ್ಲಿ ನಿಂತಿದ್ದ ಮಕ್ಕಳು ನಕ್ಕರು. ನಾವೂ ನಕ್ಕೆವು. ಬಳಿಕ ಊರಿನವರೊಬ್ಬರು ಹೇಳಿದ ಹಳೆಯ ಜಾತಿಯ ಹೆಸರೊಂದನ್ನು ಆ ಅಂಕಣದಲ್ಲಿ ದುಂಡಗೆ ಬರೆದೆವು. ಆ ಮಗು ನಮ್ಮ ಶಾಲೆಯಲ್ಲಿ ಓದಿದಷ್ಟು ವರ್ಷವೂ ಜೊತೆಯ ಹುಡುಗರು ಅವನನ್ನು ಅವನ ಹೆಸರಿನಿಂದ ಕರೆಯಲಿಲ್ಲ. ನಾವು ಬರೆದ ಹೆಸರಿನಿಂದ ಕರೆದರು. ನಮ್ಮ ನಿವೃತ್ತಿಯ ದಿನ ಹಾರ ಹಾಕಿ ಕಾಲುಮುಟ್ಟಿದವನೂ, ಈಗ ಹಬ್ಬಕ್ಕೆ ಕರೆದವನೂ ಅವನೇ.

ಭಟ್ಕಳದಿಂದ ಹೊನ್ನಾವರಕ್ಕೆ ಬರುವ ಬಸ್ಸಿನಲ್ಲಿ ಈ ಕಥೆಯನ್ನು ಮನೆಯವರಿಗೆ ಮೊದಲ ಸಲ ಹೇಳಿದೆವು. ಆಕೆ ಬಹಳ ಹೊತ್ತು ಸಮುದ್ರವನ್ನೇ ನೋಡುತ್ತಿದ್ದು, “ನಿಮಗೆ ಎಂಟು ವರ್ಷಕ್ಕೆ ಮುಂಜಿಯಾಯಿತಲ್ಲ. ಅದಕ್ಕೆ ಮೊದಲು ಏನಾಗಿದ್ದಿರಿ ಎಂದು ನಿಮ್ಮನ್ನು ಯಾರಾದರೂ ಕೇಳಿದರೇ?” ಎಂದಳು. ದ್ವಿಜಶಬ್ದದ ವ್ಯುತ್ಪತ್ತಿಯನ್ನು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾವು. ಎರಡನೆಯ ಜನ್ಮವೆಂದರೆ ಮೊದಲನೆಯದರ ಲೆಕ್ಕ ಮುಗಿಯಿತೆಂದೇ ಅರ್ಥ. ಜ್ಞಾನಸ್ನಾನ ಪಡೆದ ಕ್ರೈಸ್ತನು ಹೇಳುವುದೂ ಅದನ್ನೇ. ಹಳೆಯ ಮನುಷ್ಯನು ನೀರಿನಲ್ಲಿ ಸತ್ತನು, ಎದ್ದವನು ಬೇರೆ. ಆ ಬಡಗಿಯು ಮರೆಮಾಚಿದ್ದಲ್ಲ, ತನ್ನ ಶಾಸ್ತ್ರವನ್ನು ಒಂದೇ ವಾಕ್ಯದಲ್ಲಿ ನಮಗೆ ಬೋಧಿಸಿದ್ದನು. ಶಿಷ್ಯನಾಗುವ ಯೋಗ್ಯತೆ ನಮಗಿರಲಿಲ್ಲ.

ಶರಾವತಿಯ ಉದ್ದನೆಯ ಸೇತುವೆಯನ್ನು ದಾಟಿ ಹೊನ್ನಾವರಕ್ಕೆ ಬಂದೆವು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಈ ಊರಿನಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಉಪಾಧ್ಯಾಯರಾದ ನಮಗೆ ಇದನ್ನು ನೆನೆದಾಗಲೆಲ್ಲ ಎದೆಯುಬ್ಬುತ್ತದೆ. ಅಳಿವೆಯ ದಂಡೆಯಲ್ಲಿ ಕುಳಿತು, ದೋಣಿಗಳು ಮರಳುವುದನ್ನು ನೋಡುತ್ತ, ಈ ದಾರಿಯ ಇನ್ನೊಬ್ಬ ಪಥಿಕರನ್ನು ನೆನೆದೆವು. ಇವರ ಚರಿತೆಯನ್ನು ನಾವು ಓದಿದ್ದು ನಿವೃತ್ತಿಯ ಬಿಡುವಿನಲ್ಲಿ. ನೌಕರಿಗೆ ಸೇರುವ ಮೊದಲೇ ಓದಿದ್ದರೆ ಆ ಅಂಕಣವನ್ನು ಹಾಗೆ ತುಂಬುತ್ತಿರಲಿಲ್ಲವೇನೋ.

ಅವರು ಜೋಸೆಫ್ ವಾಜ್. ೧೬೫೧ನೆಯ ಏಪ್ರಿಲ್ ೨೧ರಂದು ಗೋವೆಯ ಬಾಣಾವಲಿಯಲ್ಲಿ ಹುಟ್ಟಿದರು. ಮೂಲದಲ್ಲಿ ಕೊಂಕಣಿ ಬ್ರಾಹ್ಮಣರ ಮನೆತನ, ಧರ್ಮ ಕ್ರೈಸ್ತ, ಅಡ್ಡಹೆಸರು ಪೋರ್ತುಗೀಸರದು. ಹೀಗೆ ಹುಟ್ಟುವಾಗಲೇ ಮೂರು ಗುರುತುಗಳು. ೧೬೭೬ರಲ್ಲಿ ಪಾದ್ರಿಗಳಾದರು. ಆದರೆ ಯೂರೋಪಿನ ಸನ್ಯಾಸಿಸಂಘಗಳು ಈ ದೇಶದವರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಪೂಜೆ ಒಂದೇ, ಪಂಕ್ತಿ ಬೇರೆ! ಈ ವಿದ್ಯೆಯಲ್ಲಿ ನಾವೇ ನಿಪುಣರೆಂದು ತಿಳಿದಿದ್ದೆವು, ಹಾಗೇನೂ ಇಲ್ಲ. ಇಂಥ ಅವಮಾನಕ್ಕೆ ಮನುಷ್ಯನು ಸಾಮಾನ್ಯವಾಗಿ ಕೊಡುವ ಉತ್ತರ, ‘ನಾನು ನಿನಗಿಂತ ಕಡಿಮೆಯವನಲ್ಲ’ ಎಂಬುದು. ವಾಜರು ಕೊಟ್ಟ ಉತ್ತರವೇ ಬೇರೆ. ಪಾದ್ರಿಗಳಾದ ಬಳಿಕ ಪಾದರಕ್ಷೆಯನ್ನು ಬಿಟ್ಟು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ೧೬೭೭ನೆಯ ಆಗಸ್ಟ್ ೫ರಂದು ಸಾಂಕವಾಳದ ಇಗರ್ಜಿಯಲ್ಲಿ, ತಾವು ಯೇಸುವಿನ ತಾಯಿಯಾದ ಮರಿಯಮ್ಮನವರ ಆಜೀವ ಗುಲಾಮರೆಂದು ದಾಸ್ಯಪತ್ರವನ್ನು ಬರೆದರು. ಗುಲಾಮರನ್ನು ಪೇಟೆಯಲ್ಲಿ ಮಾರುತ್ತಿದ್ದ ಕಾಲ ಅದು. ಆ ಶಬ್ದಕ್ಕೆ ಆಗ ಕಾವ್ಯದ ಮೆರುಗು ಇರಲಿಲ್ಲ, ಹಗ್ಗದ ವಾಸನೆ ಇತ್ತು. ತಾನು ಯಾರೆಂಬ ಪ್ರಶ್ನೆಗೆ ಕುಲವನ್ನೂ ಹೇಳದೆ, ವಿದ್ಯೆಯನ್ನೂ ಹೇಳದೆ, ತಾನು ಯಾರಿಗೆ ಸೇರಿದವನೆಂಬುದನ್ನು ಮಾತ್ರ ಹೇಳಿ ಮುಗಿಸಿದ ಪತ್ರವದು.

೧೬೮೧ರಲ್ಲಿ ಗೋವೆಯ ಕೆಥೆಡ್ರಲಿನ ಪಾದ್ರಿಮಂಡಳಿಯವರು ಅವರನ್ನು ಕನ್ನಡ ಕರಾವಳಿಗೆ ಕಳುಹಿಸಿದರು. ಆಗ ಈ ಸೀಮೆ ಕೆಳದಿಯ ಚೆನ್ನಮ್ಮಾಜಿಯದು. ಕೆಳದಿಯವರು ಪೋರ್ತುಗೀಸರೊಡನೆ ೧೬೭೮ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆತಿತ್ತು. ಆದರೆ ಆಳುವವರು ಇತ್ತ ನೆಮ್ಮದಿಯನ್ನು ಇಗರ್ಜಿಯವರು ಕೆಡಿಸಿಕೊಂಡಿದ್ದರು. ಪೋರ್ತುಗಲ್ ದೊರೆಯ ಹಕ್ಕಿನವರೊಂದು ಪಕ್ಷ, ರೋಮಿನಿಂದ ನೇರವಾಗಿ ನೇಮಕವಾಗಿದ್ದ ಬಿಷಪ್ ತೋಮಾಸ್ ದೆ ಕಾಸ್ತ್ರೊ ಅವರದೊಂದು ಪಕ್ಷ. ಪಾಪ, ಒಕ್ಕಲು ಮಕ್ಕಳಿಗೆ ‘ನೀವು ಯಾರ ಜನ?’ ಎಂಬ ಪ್ರಶ್ನೆ ಅಲ್ಲಿಯೂ ತಪ್ಪಲಿಲ್ಲ! ವಾಜರು ಎರಡೂ ಕಡೆಯವರೊಡನೆ ಸಾಮದಿಂದ ನಡೆದು, ಮೂರು ವರ್ಷ ಈ ಕರಾವಳಿಯ ಕ್ರೈಸ್ತರ ನಡುವೆ ಸುತ್ತಿದರು, ಶಾಲೆಗಳನ್ನು ತೆರೆದರು, ರೋಗಿಗಳನ್ನು ಉಪಚರಿಸಿದರು. ಮಾರಾಟವಾಗಿದ್ದ ಕ್ರೈಸ್ತರನ್ನು ಹಣ ತೆತ್ತು ಬಿಡಿಸಿದರೆಂದು ಅವರ ಚರಿತೆಗಳು ಹೇಳುತ್ತವೆ. ಗುಲಾಮನೆಂದು ಬರೆದುಕೊಟ್ಟವರು ಗುಲಾಮರ ಕಟ್ಟನ್ನು ಬಿಚ್ಚುತ್ತ ನಡೆದರು.

ಮುಂದಿನದನ್ನು ಬೇಗ ಹೇಳುವೆವು. ಗೋವೆಗೆ ಮರಳಿ, ೧೬೮೫ರಲ್ಲಿ, ದೇಶೀಯ ಪಾದ್ರಿಗಳೇ ಕೂಡಿದ್ದ ಸಂಘವೊಂದಕ್ಕೆ ಒರಟೊರಿಯೆಂಬ ವ್ಯವಸ್ಥಿತ ರೂಪವನ್ನು ಕೊಟ್ಟರು. ಸಿಂಹಳದ ಕರಾವಳಿ ಡಚ್ಚರ ವಶವಾಗಿ, ಅಲ್ಲಿಯ ಕೆಥೊಲಿಕರಿಗೆ ಪಾದ್ರಿಗಳಿಲ್ಲದೆ ವರ್ಷಗಳೇ ಕಳೆದಿದ್ದುವು. ೧೬೮೬ರಲ್ಲಿ ಜಾನ್ ಎಂಬ ಸೇವಕನೊಡನೆ ಹೊರಟು ಮತ್ತೆ ತೆಂಕಣಕ್ಕೆ ನಡೆದರು. ಮರುವರ್ಷ ತೂತುಕುಡಿಯಿಂದ ಹಡಗೇರಿ, ಕೂಲಿಯ ವೇಷದಲ್ಲಿ ಯಾಳ್ಪಾಣಕ್ಕೆ ಇಳಿದರು. ಕೊರಳಲ್ಲಿ ಜಪಮಾಲೆಯನ್ನು ಹಾಕಿಕೊಂಡು ಮನೆಮನೆಯ ಮುಂದೆ ಭಿಕ್ಷೆಗೆ ನಿಂತರು. ಮಾಲೆಯನ್ನು ಗುರುತಿಸಿದವರು ತಮ್ಮವರು. ೧೬೯೨ರಲ್ಲಿ ಕ್ಯಾಂಡಿಯ ಅರಸನು ಇವರು ಪೋರ್ತುಗೀಸರ ಗೂಢಚಾರರೆಂದು ಸೆರೆಯಲ್ಲಿಟ್ಟನು. ಬಳಿಕ ಅವನೇ ಆದರಿಸಿದನು. ೧೬೯೭ರ ಸಿಡುಬಿನ ಬೇನೆಯಲ್ಲಿ ಊರು ಬಿಟ್ಟು ಓಡಿದವರ ರೋಗಿಗಳನ್ನು ಇವರು ಮುಟ್ಟಿ ತೊಳೆದರು. ೧೭೧೧ನೆಯ ಜನವರಿ ೧೬ರಂದು ಕ್ಯಾಂಡಿಯಲ್ಲಿಯೇ ತೀರಿಕೊಂಡರು. ೨೦೧೫ನೆಯ ಜನವರಿ ೧೪ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಬ್ರಾಹ್ಮಣನೆಂದೂ, ಕೂಲಿಯೆಂದೂ, ಗೂಢಚಾರನೆಂದೂ ಜನರು ಕರೆದರು. ಯಾವ ಹೆಸರೂ ಅವರಿಗೆ ಅಂಟಲಿಲ್ಲ. ಏಕೆಂದರೆ ಒಳಗಿನ ಹೆಸರು ಸಾಂಕವಾಳದಲ್ಲಿ ಆಗಲೇ ನಿಶ್ಚಯವಾಗಿತ್ತು. ಆದರೂ ಸತ್ಯವನ್ನು ಅರ್ಧ ಹೇಳಬಾರದು. ಅವರ ಸಂಘದಲ್ಲಿಯೇ ಬಹುಕಾಲದವರೆಗೆ ಬ್ರಾಹ್ಮಣಮೂಲದ ಪಾದ್ರಿಗಳಿಗೆ ಮಾತ್ರ ಪ್ರವೇಶವಿತ್ತು. ಕೊಂಕಣಿ ಕ್ರೈಸ್ತರಲ್ಲಿ ಬಾಮಣ್, ಚಾರೊಡಿ, ಶುದಿರ್ ಎಂಬ ವಿಂಗಡಣೆಯು ಮದುವೆಯ ಮಾತು ಬಂದಾಗ ಇನ್ನೂ ತಲೆಯೆತ್ತುವುದುಂಟು. ‘ಅದಕ್ಕೆ ಮೊದಲು ಏನು?’ ಎಂದು ಕೇಳುವ ಚಟ ನೀರು ಚಿಮುಕಿಸಿದ ಮಾತ್ರಕ್ಕೆ ಹೋಗುವಷ್ಟು ಸಾಧುವಲ್ಲ.

ಮರುದಿನ ಕುಮಟೆಗೆ ಬಂದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿದ್ದಾಗ ಪರದೇಶದ ಪೇಟೆಗಳಲ್ಲಿಯೂ ‘ಕುಮಟೆಯ ಹತ್ತಿ’ ಎಂಬ ಹೆಸರಿತ್ತು. ಅಲ್ಲಿಂದ ಚಂದಾವರ ದೂರವಲ್ಲ. ಹಳೆಯ ಕೋಟೆಯ ಜಂಬುಕಲ್ಲಿನ ಅವಶೇಷಗಳು, ಹಸುರು, ನಡುವೆ ಇಗರ್ಜಿ. ಚಂದಾವರ ಸೀಮೆಯ ಹನುಮಂತ ದೇವರ ಹೆಸರನ್ನು ಕೇಳದವರು ಈ ಜಿಲ್ಲೆಯಲ್ಲಿಲ್ಲ. ಮೊದಲು ಅಲ್ಲಿಗೆ ಹೋಗಿ ಕಾಯಿ ಒಡೆಯಿಸಿದೆವು. ನೀನು ಯಾರೆಂದು ಲಂಕೆಯಲ್ಲಿ ಕೇಳಿದಾಗ ತಾನು ರಾಮನ ದಾಸನೆಂದವನು ಈ ಹನುಮಂತ. ಅದೇ ಲಂಕೆಗೆ ದಾಸನಾಗಿ ಹೋದ ಇನ್ನೊಬ್ಬರ ನೆನಪು ಅಲ್ಲಿ ಕೈಮುಗಿದು ನಿಂತಾಗ ನಮಗೆ ಬಂದಿತು. ಪಂಡಿತರು ಇದನ್ನು ಒಪ್ಪುವರೋ ಇಲ್ಲವೋ, ಬಂದದ್ದನ್ನು ಬರೆದಿದ್ದೇವೆ.

ಇಗರ್ಜಿಯ ಅಂಗಳದಲ್ಲಿ ಜಾತ್ರೆಯೇ ನೆರೆದಿತ್ತು. ಮೇಣದ ಬತ್ತಿ, ಹೂವು, ಬಳೆ, ಮಿಠಾಯಿಯ ಅಂಗಡಿಗಳು. ಸರದಿಯಲ್ಲಿ ಕುಂಕುಮವಿಟ್ಟ ಹೆಂಗಸರೂ ಹರಕೆ ಹೊತ್ತು ನಿಂತಿದ್ದರು. ಶಿಷ್ಯನು ನಮ್ಮನ್ನು ಕಂಡು ಓಡಿಬಂದು ಮನೆಗೆ ಕರೆದೊಯ್ದನು. ಅವನೂ ತಂದೆಯಂತೆ ಮರಗೆಲಸದವನು. ತಂದೆ ತೀರಿಕೊಂಡು ಆರು ವರ್ಷವಾಯಿತಂತೆ. ಜಗಲಿಯಲ್ಲಿ ಅವನು ಮಾಡಿದ ಬೀಟೆಯ ಕುರ್ಚಿಯಲ್ಲಿ ನಮ್ಮನ್ನು ಕುಳ್ಳಿರಿಸಿದರು. ನಮಗೆಂದು ಬೇರೆ ಪಾತ್ರೆಯಲ್ಲಿ ಶಾಕಪಾಕ ಮಾಡಿದ್ದರು. ನಮ್ಮ ಮನೆಯವರು ಒಳಗೆ ಹೋಗಿ ತಾವೇ ಬಡಿಸಲು ನಿಂತರು. ಊಟವಾದ ಮೇಲೆ ನಾವು ಆ ಜೂನ್ ತಿಂಗಳ ಮಾತನ್ನು ಎತ್ತಿದೆವು. ಅವನಿಗೆ ಮರೆತಿರಬಹುದೆಂಬ ಆಸೆ ಒಳಗೊಳಗೇ ಇತ್ತು.

“ಮರೆತಿಲ್ಲ, ಮಾಸ್ತರ್ರೇ” ಎಂದು ಅವನು ಮೆಲ್ಲನೆ ಹೇಳಿದನು. “ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು, ಮಾಸ್ತರರು ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ, ಎಂದರು. ನನಗೇನೂ ಬೇಸರವಿಲ್ಲ. ಆದರೆ ಮಗಳ ದಾಖಲೆಗೆ ಈ ವರ್ಷ ನನ್ನ ಶಾಲೆಯ ಸರ್ಟಿಫಿಕೇಟು ಕೇಳಿದರು. ಅದರಲ್ಲಿ ಇದ್ದದ್ದನ್ನೇ ಅವಳಿಗೂ ಬರೆದುಕೊಂಡರು.”

ಹತ್ತು ವರ್ಷದ ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಮ್ಮ ದುಂಡಗಿನ ಅಕ್ಷರ ಆ ಮಳೆಗಾಲದಿಂದ ಹೊರಟು ಅವಳವರೆಗೆ ನಡೆದುಬಂದಿತ್ತು.

“ತಿದ್ದಿಸಲಾಗದೇ?” ಎಂದು ನಮ್ಮ ಮನೆಯವರು ಕೇಳಿದರು.

“ಕೋರ್ಟಿಗೆ ಹೋಗಬೇಕಂತೆ, ಅಮ್ಮಾ. ಸಾಕ್ಷಿ ಬೇಕಂತೆ. ಬಿಡಿ, ಹಬ್ಬದ ದಿನ ಆ ಮಾತು ಯಾಕೆ.”

ನಾವು ಕಾಗದ ಕೇಳಿದೆವು. ಹುಡುಗಿಯು ತನ್ನ ಪುಸ್ತಕದಿಂದ ಗೆರೆಯೆಳೆದ ಹಾಳೆಯೊಂದನ್ನು ಬಿಡಿಸಿ, ಲೇಖನಿಯೊಡನೆ ತಂದುಕೊಟ್ಟಳು. ಮೊದಲು ನಮ್ಮ ಹೆಸರನ್ನೂ, ಯಾವ ವರ್ಷ ಯಾವ ಶಾಲೆಯಲ್ಲಿ ದಾಖಲೆಯ ಪುಸ್ತಕ ನಮ್ಮ ಕೈಯಲ್ಲಿತ್ತೆಂಬುದನ್ನೂ ಬರೆದೆವು. ತಂದೆಯು ಹೇಳಿದ ಶಬ್ದ ಯಾವುದು, ನಾವು ಬರೆದದ್ದು ಯಾವುದು ಎಂಬುದನ್ನು ಬರೆದೆವು. ತಪ್ಪು ನಮ್ಮದೆಂದೂ, ಯಾವ ನ್ಯಾಯಾಲಯಕ್ಕಾದರೂ ಬಂದು ಹೇಳಲು ಸಿದ್ಧರೆಂದೂ ಬರೆದು ಸಹಿ ಮಾಡಿದೆವು. ಹುಡುಗಿಯು ಅದನ್ನು ಎರಡು ಸಲ ಓದಿ, ನಾವು ತಾರೀಖು ಹಾಕಲು ಮರೆತಿದ್ದೇವೆಂದು ತೋರಿಸಿದಳು.