ಲಕ್ಕಮ್ಮನ ರೂಲ್

100 ಪದಕ್ಕೆ 10 ಅಂಕ. ದಿನ ತಪ್ಪದೆ ಬರೆದರೆ 5 ಬೋನಸ್. ಒಂದು ಕಾಗುಣಿತ ತಪ್ಪಿಗೆ ಒಂದು ಅಂಕ ಕಟ್. ಮೂರು ದಿನ ಏನೂ ಬರೆಯದೆ ಕೂತರೆ ನಿಮ್ಮ ಪಾತ್ರದ ಮೇಲಿನ ಹಕ್ಕು ಹೋಯ್ತು. 500 ಅಂಕ ಸೇರಿಸಿದರೆ ಊರಿನಲ್ಲಿ ಒಂದು 'ದೊಡ್ಡ ಘಟನೆ' ನಡೆಸುವ ಅಧಿಕಾರ. ಮಳೆ, ಬರ, ಎಲೆಕ್ಷನ್ನು, ಮದುವೆ, ಸಾವು, ಯಾವುದಾದರೂ ಸರಿ.

ಇದು ನಮ್ಮ ಊರಿನ ಕಾನೂನಾಗಿತ್ತು. ಊರು ಅಂದರೆ ನಕಾಶೆಯಲ್ಲಿ ಹುಡುಕಬೇಡಿ, ಸಿಗಲ್ಲ. ಹದಿಮೂರು ಜನ ಸೇರಿ ಫೋನಿನಲ್ಲೇ ಕಟ್ಟಿಕೊಂಡ ಊರು ಅದು. ಒಂದು ಕಾಲುವೆ, ಎರಡು ಅಕ್ಕಿ ಮಿಲ್ಲು, ಬಾಗಿಲು ಮುಚ್ಚಿದ ಒಂದು ಟಾಕೀಸು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಗೌಡನನ್ನು ಬರೆಯೋನು ಗೌಡನ ಮಾತು, ಗೌಡನ ನಡೆ ಮಾತ್ರ ಬರೀಬೇಕು. ಅದಕ್ಕೆ ಪೋಸ್ಟ್‌ಮ್ಯಾನ್ ಏನಂದ ಅನ್ನೋದನ್ನು ಪೋಸ್ಟ್‌ಮ್ಯಾನನ್ನು ಬರೆಯೋನೇ ಬರೀಬೇಕು. ಹೀಗೆ ಒಬ್ಬರ ಹಿಂದೆ ಒಬ್ಬರು. ರೋಲ್‌ಪ್ಲೇ ಅಂತಾರಲ್ಲ, ಅದೇ. ಮುಂದೇನಾಗುತ್ತೆ ಅಂತ ಬರೆಯುವವರಿಗೂ ಗೊತ್ತಿರಲ್ಲ. ಅದರ ರುಚಿ ಹತ್ತಿದವರಿಗೆ ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರಲ್ಲ.

ನಮ್ಮಲ್ಲಿ ಒಂಬತ್ತು ಜನ ಬೆಂಗಳೂರಿನವರು, ಅಥವಾ ನನ್ನ ಹಾಗೆ ಬೆಂಗಳೂರಿಗೆ ಬಂದು ಬಿದ್ದವರು. ಉಳಿದ ನಾಲ್ಕು ಜನ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇರೋರು. ಸಿಂಧನೂರಿನ ಬೀಜದಂಗಡಿ ಅಣ್ಣ, ಮಸ್ಕಿಯ ಮೇಷ್ಟ್ರು, ಲಿಂಗಸುಗೂರಿನ ನರ್ಸಕ್ಕ, ಮತ್ತೆ ಈಗಷ್ಟೇ ಡಿಗ್ರಿ ಮುಗಿಸಿದ ಒಬ್ಬ ಹುಡುಗ. ಕಾನೂನು ಬರೆದದ್ದು ಬೆಂಗಳೂರಿನ ಗೆಳೆಯ, ವೃತ್ತಿಯಿಂದ ಪ್ರಾಡಕ್ಟ್ ಮ್ಯಾನೇಜರ್. ಬುದ್ಧಿವಂತ, ಒಳ್ಳೆಯವನು, ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡಿರೋನು. ಈ ಜಾತಿಯವರು ನಿಮ್ಮ ಆಫೀಸಿನಲ್ಲೂ ಇರ್ತಾರೆ.

ಮೊದಲ ತಿಂಗಳು ಹಬ್ಬ. ಎರಡನೇ ತಿಂಗಳು ಗೌಡ ಬೆಳಿಗ್ಗೆ ಎದ್ದು ಮೀಸೆ ತಿರುವಿದ್ದಕ್ಕೇ 900 ಪದ! ತಪ್ಪು ಅಂತ ಹೇಗೆ ಹೇಳೋದು, 90 ಅಂಕ ಬಂತಲ್ಲ. ಅದನ್ನು ನೋಡಿ ಮಿಲ್ ಮಾಲೀಕನೂ ತನ್ನ ತಾತನ ಕಾಲದಿಂದ ಶುರುಮಾಡಿದ. ಓದೋಕೆ ಯಾರಿಗೂ ಪುರುಸೊತ್ತಿಲ್ಲ, ಎಲ್ಲರೂ ಬರೆಯೋದರಲ್ಲೇ ಬ್ಯುಸಿ.

ಎಣಿಸಿದ್ದನ್ನೇ ಜನ ಮಾಡ್ತಾರೆ ಅನ್ನೋದು ಈ ಆಟದ ಹುಟ್ಟಿನಿಂದಲೇ ಬಂದ ಗುಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ತಂದಾಗ ಗುಹೆಯಿಂದ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ರಾಕ್ಷಸನನ್ನು ಕೊಂದರೂ ಅಂಕ ಇತ್ತು, ಆದರೆ ಕಮ್ಮಿ. ಹಾಗಾಗಿ ಜಾಣರು ರಾಕ್ಷಸ ಮಲಗಿದಾಗ ಸದ್ದಿಲ್ಲದೆ ಚಿನ್ನ ಎತ್ತಿಕೊಂಡು ಬರೋದು ಕಲಿತರು. (ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ನೋಡಿ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನೋ ವಿದ್ಯಾರ್ಥಿ ಬರೀ ಅಕ್ಷರದಲ್ಲೇ ಆಡುವ 'ಮಡ್' ಅನ್ನೋ ಕಂಪ್ಯೂಟರ್ ಆಟ ಶುರುಮಾಡಿದ. ಅದನ್ನು ಮುಂದುವರಿಸಿದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಡುವವರನ್ನು ಇಸ್ಪೀಟಿನ ನಾಲ್ಕು ಬಣ್ಣದ ಹಾಗೆ ನಾಲ್ಕು ಗುಂಪು ಮಾಡಿದ. ಅಂಕ ಕೂಡಿಸೋರು, ಮೂಲೆಮೂಲೆ ಹುಡುಕೋರು, ನಾಲ್ಕು ಜನರ ಜೊತೆ ಮಾತಾಡೋಕೆ ಬರೋರು, ಇನ್ನೊಬ್ಬರನ್ನು ಹೊಡೆಯೋಕೇ ಬರೋರು. ನಮ್ಮ ಕಾನೂನು ಮೊದಲನೇ ಗುಂಪಿಗೆ ಸಂಬಳ ಕೊಟ್ಟು, ನಾಲ್ಕನೇ ಗುಂಪಿನ ಕೈಗೆ ಕೊಡಲಿ ಕೊಟ್ಟಿತ್ತು.

ನರ್ಸಕ್ಕನ ಪಾತ್ರ ಒಬ್ಬ ಸೂಲಗಿತ್ತಿ, ಹೆಸರು ಗಂಗವ್ವ. ಊರಲ್ಲಿ ಎಲ್ಲರಿಗಿಂತ ಕಮ್ಮಿ ಮಾತಾಡೋಳು. ನಾಲ್ಕು ಸಾಲು ಬರೆದರೆ ನಾಲ್ಕು ಮನೆಯ ಗುಟ್ಟು ಹೊರಗೆ ಬರೋದು. ಆದರೆ ಆಕೆ ಮಾತಾಡೋದು ಲಿಂಗಸುಗೂರಿನ ಕನ್ನಡ. 'ಬಂದೀನಿ', 'ಹೋಗ್ಯಾನ', 'ಹಂಗ್ಯಾಕಂತಿ'. ಕಾಗುಣಿತ ತಪ್ಪಿಗೆ ಒಂದು ಅಂಕ ಕಟ್ ಅಂತ ಹೇಳಿದೆನಲ್ಲ, ಒಂದು ವಾರ ಆಕೆಗೆ ಬಂದ ಅಂಕ 12, ಕಟ್ ಆದದ್ದು 14. 'ಹೋಗ್ಯಾನ' ತಪ್ಪಂತೆ, 'ಹೋಗಿದ್ದಾನೆ' ಸರಿಯಂತೆ. ಗೌಡನ ಬಾಯಲ್ಲಿ 'ಆಕ್ಚುಲಿ' ಬಂದರೆ ಮಾತ್ರ ಯಾವ ಕಟ್ಟೂ ಇಲ್ಲ, ಅದು ಇಂಗ್ಲಿಷ್ ಅಲ್ವಾ, ಕಾಗುಣಿತದ ವ್ಯಾಪ್ತಿಗೆ ಬರಲ್ಲ.

ಅಕ್ಕ ಜಗಳ ಮಾಡಲಿಲ್ಲ. "ನಾ ತಪ್ಪು ಬರದ್ರ ತಿದ್ರಿ. ಗಂಗವ್ವ ಹಿಂಗ ಮಾತಾಡಾಕಿ, ಆಕೀನ ಯಾಕ ತಿದ್ತೀರಿ?" ಅಂತ ಒಂದು ಸಲ ಕೇಳಿದಳು ಅಷ್ಟೆ. ಆ ಪ್ರಶ್ನೆಗೆ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಆಕೆಗೆ ಸಾಲಾಗಿ ನೈಟ್ ಡ್ಯೂಟಿ ಬಿತ್ತು. ಮೂರು ದಿನ ಬರೆಯಲಿಲ್ಲ. ನಾಲ್ಕನೇ ದಿನ ಗೌಡ ತನ್ನ 500 ಅಂಕ ಖರ್ಚು ಮಾಡಿದ. ಗಂಗವ್ವ ರಾತ್ರಿ ಹೆರಿಗೆ ಮುಗಿಸಿ ಬರುವಾಗ ಕಾಲುವೆಗೆ ಬಿದ್ದು ತೇಲಿಹೋದಳು ಅಂತ 1,200 ಪದ ಬರೆದ. ಚಂದ್ರ, ಮೋಡ, ಬಳೆ, ಎಲ್ಲ ಇತ್ತು. ನಿಯಮದ ಪ್ರಕಾರ ಒಂದಕ್ಷರ ತಪ್ಪಿರಲಿಲ್ಲ. ಅಕ್ಕ ಬೆಳಿಗ್ಗೆ ಡ್ಯೂಟಿ ಮುಗಿಸಿ ಫೋನ್ ತೆಗೆದರೆ ತಾನು ಸತ್ತಿದ್ದಾಳೆ.

ಆ ಯುಗಾದಿಗೆ ನಾನು ಊರಿಗೆ ಹೋದಾಗ ಊರ ಕಡೆಯ ನಾಲ್ಕೂ ಜನ ಮತ್ತು ನಾನು ಸಿಂಧನೂರಿನಲ್ಲಿ ಸೇರಿದೆವು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿರೋದರಿಂದ ಅಕ್ಕ ಬಸ್ಸು ಹತ್ತಿದಳು, ಮಸ್ಕಿಯಲ್ಲಿ ಮೇಷ್ಟ್ರೂ ಹತ್ತಿದರು. ಬೀಜದಂಗಡಿ ಅಣ್ಣನೇ ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಅಂಗಡಿಯ ಹಿಂದೆ ಬೀಜದ ಚೀಲಗಳ ಮೇಲೆ ಕೂತು ಹೊಸ ಕಾನೂನು ಮಾಡೋದು ಅಂತ ತೀರ್ಮಾನ. ಮಾಡಿ ಉಳಿದವರ ಮುಂದೆ ಇಡೋಣ, ಒಪ್ಪಿದರೆ ಒಪ್ಪಲಿ.

ಅಣ್ಣ ಮೊದಲು ಬಾಯಿ ಬಿಟ್ಟದ್ದೇ ಕಾಲುವೆ ವಿಷಯಕ್ಕೆ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಗೊತ್ತು, ಈ ನೀರನ್ನು ಮೂಲದಲ್ಲಿ ಯೋಚಿಸಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೂ ಸೇರಿಸಿ. ಮೇಲ್ಭಾಗದವರು ಭತ್ತ ಹಚ್ಚಿದರು. ಭತ್ತಕ್ಕೆ ನೀರು ನಿಂತಿರಬೇಕು. ಕೆಳಗೆ ಮಾನ್ವಿ, ರಾಯಚೂರು ಕಡೆ ಕೊನೆಭಾಗದ ರೈತ ಕಾಲುವೆ ತಳ ನೋಡ್ತಾ ಕೂರ್ತಾನೆ. ಅದಕ್ಕೇ ವಾರಬಂದಿ ಬಂತು, ಇಷ್ಟು ದಿನ ಬಿಡೋದು, ಇಷ್ಟು ದಿನ ಬಂದ್ ಮಾಡೋದು. "ನಿಮ್ ಗೌಡ ಮ್ಯಾಲ ಕುಂತು ಎಲ್ಲಾ ನೀರೂ ತನ್ನ ಹೊಲಕ್ಕ ತಿರುಗಿಸ್ಕೊಂಡಾನ. ಅಕ್ಕ ಟೇಲ್ ಎಂಡ್," ಅಂದ. ಇದಕ್ಕಿಂತ ಒಳ್ಳೇ ವಿವರಣೆಯನ್ನು ನಾನು ಯಾವ ಗೇಮ್ ಡಿಸೈನ್ ಪುಸ್ತಕದಲ್ಲೂ ಓದಿಲ್ಲ.

ಹುಡುಗ ನಾಟಕದ ಮಾತೆತ್ತಿದ. ನಮ್ಮ ಕಡೆ ಜಾತ್ರೆಗೆ ಊರ ಹುಡುಗರು ಸಾಮಾಜಿಕ ನಾಟಕ ಆಡ್ತಾರೆ. ಹಾರ್ಮೋನಿಯಂ ಮಾಸ್ತರ ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸ್ತಾನೆ. ನಾಟಕದ ನಡುವೆಯೇ ಕಲಾಕಾಣಿಕೆ ಕೂಗ್ತಾರೆ. ಖಳನಾಯಕ ಗುಂಡು ತಿಂದು ಬಿದ್ದಿರ್ತಾನೆ, ಮೈಕಿನಲ್ಲಿ "ಖಳನಾಯಕನ ಪಾತ್ರಧಾರಿಗೆ ಅವರ ಸೋದರಮಾವನವರಿಂದ 101 ರೂಪಾಯಿ" ಅಂತ ಬರುತ್ತೆ, ಹೆಣ ಎದ್ದು ಕೈಮುಗಿದು ಮತ್ತೆ ಮಲಗುತ್ತೆ. ನಗಬೇಡಿ, ಅದೂ ಒಂದು ಪಾಯಿಂಟ್ ಸಿಸ್ಟಮ್ಮೇ. ತನಗೆ ತಾನೇ ಅಂಕ ಕೊಟ್ಟುಕೊಳ್ಳೋಕೆ ಬರಲ್ಲ, ನೋಡಿದವರು ಕೊಡಬೇಕು, ಅದು ಒಳ್ಳೇದು. ಸೋದರಮಾವಂದಿರು ಜಾಸ್ತಿ ಇದ್ದವನೇ ದೊಡ್ಡ ಕಲಾವಿದ ಆಗಿಬಿಡ್ತಾನೆ, ಅದು ಕೆಟ್ಟದ್ದು. ಲೈಕುಗಳ ಕತೆಯೂ ಅಷ್ಟೇ ಅಲ್ವಾ?

ಆದರೆ ಹುಡುಗ ಹೇಳಬೇಕು ಅಂತಿದ್ದದ್ದು ಕಾಣಿಕೆಯದ್ದಲ್ಲ, ಮಾಸ್ತರನ ಮಾತು. ತಾಲೀಮಿನಲ್ಲಿ ಮಾಸ್ತರ ಮೊದಲು ಕೇಳೋದು ನಿನ್ನ ಮಾತು ಬಾಯಿಪಾಠ ಆಯ್ತೇನು ಅಂತಲ್ಲ, ಎದುರಿನವನ ಕೊನೇ ಪದ ಯಾವುದು ಅಂತ. ಅದು ಗೊತ್ತಿಲ್ಲದಿದ್ದರೆ ನಿನ್ನ ಮಾತು ಎಲ್ಲಿ ಶುರುವಾಗಬೇಕು ಅನ್ನೋದೇ ಗೊತ್ತಿರಲ್ಲ. ಹಾಗೇನೇ ನಿನ್ನ ಕೊನೇ ಪದ ನುಂಗಿದರೆ ಎದುರಿನವ ಕಂಬದ ಹಾಗೆ ನಿಂತುಬಿಡ್ತಾನೆ. ಅಲ್ಲಿಗೆ ನಮಗೆ ನಿಯಮ ಸಿಕ್ಕಿತು. ಪದ ಎಣಿಸೋದು ಬೇಡ. ನೀವು ಬರೆದದ್ದರ ಮುಂದೆ ಬರೆಯುವವರು ನಿಮ್ಮ ಮಾತಿನ ಒಂದು ಎಳೆ ಹಿಡಿದು ಹೊರಟರೆ ನಿಮಗೆ ಒಂದು ಅಂಕ. ಆ ಅಂಕ ಕೊಡೋರೂ ಅವರೇ. 1,200 ಪದ ಬರೆದರೂ ಯಾರೂ ಏನೂ ಹಿಡಿದುಕೊಳ್ಳೋಕೆ ಆಗದಿದ್ದರೆ ಸೊನ್ನೆ.

ಮೇಷ್ಟ್ರದ್ದು ಹೆಸರಿನ ವಿಷಯ. ಮಿಲ್ ಮಾಲೀಕ ಜಗಳ ತೆಗೆದರೆ ಅದನ್ನು ಬರೆಯುವವನ ಮೇಲೆ ಸಿಟ್ಟಾಗಿ ಅವನ ನಿಜ ಹೆಸರು ಎಳೆದು ಬೈಯೋದು ನಮ್ಮಲ್ಲಿ ಶುರುವಾಗಿತ್ತು. ಮೇಷ್ಟ್ರು ಮಸ್ಕಿಯವರು, ಅಶೋಕನನ್ನು ಬಿಟ್ಟು ಮಾತಾಡೋರಲ್ಲ. ಎರಡು ಸಾವಿರ ವರ್ಷ 'ದೇವಾನಾಂಪ್ರಿಯ' ಅನ್ನೋ ಬಿರುದಿನ ಹಿಂದೆ ಕೂತಿದ್ದ ರಾಜ, 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಬಂಡೆ ಬಿದ್ದ ಮೇಲೆ ತಾನೇ ಅಶೋಕ ಅಂತ ಖಚಿತವಾಗಿ ಸಿಕ್ಕಿಬಿದ್ದ. "ಅವ್ನು ಸ್ವಂತ ಕೆತ್ತಿಸ್ಕೊಂಡಾನ್ರಿ, ಹಂಗಾಗಿ ಹೇಳಬಹುದು. ಕೆತ್ತಿಸ್ಕೊಳ್ಳದಾವ್ರ ಹೆಸರು ನಾವ್ಯಾಕ ಕೆದಕಬೇಕು?" ಅದೂ ನಿಯಮವಾಯ್ತು. ಗೀಗೀ ಪದದಲ್ಲಿ ಹರದೇಶಿಯವರು ಗಂಡು ಹೆಚ್ಚು ಅಂತ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ವಾದ ಹಾಕಿ ಹಾಡೋದನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಹಾಡಿನೊಳಗಿನ ಜಗಳ ಹಾಡಿಗೆ.

ಇಷ್ಟೆಲ್ಲ ಆಗುವಾಗ ಅಕ್ಕ ಸುಮ್ಮನೆ ಮಿರ್ಚಿ ತಿಂತಾ ಇದ್ದಳು. ಕೊನೆಗೆ, "ಒಂದು ದಿನಕ್ಕ ಇಷ್ಟ ಅಂತ ಇಡ್ರಿ. ನಮ್ ಲಕ್ಕಮ್ಮ ಹೇಳಿಲ್ಲೇನು?" ಅಂದಳು.

ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಾಕೆ. ಗಂಡ ಮಾರಯ್ಯನ ಜೊತೆ 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋದವಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡೋದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಕಳ್ಳತನ ಮಾಡಿರಲಿಲ್ಲ, ಬಿದ್ದಿತ್ತು, ಆಯ್ದುಕೊಂಡಿದ್ದ. ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ಎಲ್ಲಿಂದ ತಂದನೋ ಅಲ್ಲಿಗೇ ವಾಪಸ್ ಕಳಿಸಿದಳು. ಶಾಲೆಯಲ್ಲಿ ಇದನ್ನು 'ಆಸೆ ಇರಬಾರದು' ಅನ್ನೋ ಪಾಠವಾಗಿ ಓದಿದ್ದೆ. ಬೀಜದ ಚೀಲದ ಮೇಲೆ ಕೂತು ಕೇಳಿದಾಗ ಬೇರೆ ಏನೋ ಕಂಡಿತು. ಒಬ್ಬ ಎರಡು ದಿನದ ಅಕ್ಕಿ ಆಯ್ದುಕೊಂಡ ಅಂದರೆ ಆ ಅಂಗಳದಲ್ಲಿ ಆಯೋಕೆ ಬರುವ ಇನ್ನೊಬ್ಬನಿಗೆ ಅಷ್ಟು ಕಮ್ಮಿ ಆಯ್ತು. ಲಕ್ಕಮ್ಮ ಎಣಿಸ್ತಾ ಇದ್ದದ್ದು ಬರೀ ತನ್ನ ಮಡಕೆಯನ್ನಲ್ಲ ಅನ್ನಿಸಿತು.

ನಮ್ಮ ಹೊಸ ಕಾನೂನಿನಲ್ಲಿ ಅದಕ್ಕೆ 'ಲಕ್ಕಮ್ಮನ ರೂಲ್' ಅಂತಲೇ ಹೆಸರು. ದಿನಕ್ಕೆ ಮೂರು ಅಂಕಕ್ಕಿಂತ ಹೆಚ್ಚು ಯಾರಿಗೂ ಇಲ್ಲ. ಇವತ್ತಿನದ್ದು ನಾಳೆಗೆ ಕೂಡಿಡೋ ಹಾಗಿಲ್ಲ, ಹಾಗಾಗಿ ಅಂಕ ಕೊಟ್ಟು ಸಾವು ಕೊಳ್ಳೋದೂ ಇಲ್ಲ. ಇನ್ನೊಬ್ಬರ ಪಾತ್ರಕ್ಕೆ ಸಾವು, ಮದುವೆ, ಊರು ಬಿಡಿಸೋದು, ಏನು ಮಾಡಬೇಕಾದರೂ ಅವರನ್ನು ಕೇಳಬೇಕು. ಬರೆಯೋಕೆ ಆಗದವರ ಪಾತ್ರ 'ಹೊಲಕ್ಕೆ ಹೋಗಿದೆ' ಅಂತ ತಿಳಿದುಕೊಳ್ಳೋದು, ಎಷ್ಟು ದಿನವಾದರೂ ಸರಿ. ಪಾತ್ರದ ಮಾತಿಗೆ ಕಾಗುಣಿತದ ಕಟ್ ಇಲ್ಲ.

ಬೆಂಗಳೂರಿನ ಗೆಳೆಯ ಒಪ್ಪಲಿಲ್ಲ. ಕೂಡಿಡೋ ಹಾಗಿಲ್ಲದ ಅಂಕಕ್ಕೆ ಯಾರು ಬರೀತಾರೆ, ಒಂದು ತಿಂಗಳಲ್ಲಿ ಎಲ್ಲರೂ ತಣ್ಣಗಾಗ್ತಾರೆ ಅಂದ. ಅವನ ಮಾತು ಅರ್ಧ ನಿಜವಾಯ್ತು ಅಂತ ಹೇಳಲೇಬೇಕು. ವೋಟಿನಲ್ಲಿ ಹೊಸ ಕಾನೂನು ಒಂದೇ ಒಂದು ವೋಟಿನಿಂದ ಗೆದ್ದಿತು, ಇಬ್ಬರು ಆಟ ಬಿಟ್ಟರು, ಬರೆಯೋದು ಅರ್ಧಕ್ಕಿಳಿಯಿತು. ಕೆಲವು ದಿನ ಊರಲ್ಲಿ ನಾಯಿ ಕೂಡ ಬೊಗಳಲ್ಲ. ಬರೆದದ್ದನ್ನು ಮಾತ್ರ ಈಗ ಎಲ್ಲರೂ ಓದ್ತಾರೆ. ಓದದೆ ಎಳೆ ಹಿಡಿಯೋಕೆ ಬರಲ್ಲ ನೋಡಿ. ಗೆಳೆಯ ಆಟ ಬಿಡಲಿಲ್ಲ, ಟಾಕೀಸಿನ ವಾಚ್‌ಮನ್ ಆಗಿ ಇನ್ನೂ ಇದ್ದಾನೆ, ಚೆನ್ನಾಗಿಯೇ ಬರೀತಾನೆ.

ಉಳಿದದ್ದು ಗಂಗವ್ವನ ಸಾವು. ಅದು ಹಳೆ ಕಾನೂನಿನಲ್ಲಿ ಆದದ್ದು, ರದ್ದು ಮಾಡೋಣ ಅಂತ ನಾವೆಲ್ಲ ಅಂದೆವು. ಅಕ್ಕ ಬೇಡ ಅಂದಳು. "ಸತ್ತಾಕಿ ಸತ್ತಳ್ರಿ. ನಾ ಆಕಿ ಮಗಳಾಗಿ ಬರ್ತೀನಿ."

ಹೊಸ ಕಾನೂನು ಜಾರಿಯಾದ ಮೂರನೇ ದಿನ ಮಗಳು ಬಂದಳು. ಬಸ್ಸಿಳಿದು ನೇರ ಗೌಡನ ಮನೆ ಕಟ್ಟೆಗೆ ಹೋಗಿ ನಿಂತಳು. ಅಕ್ಕ ಬರೆದದ್ದು ಒಂದೇ ಮಾತು: "ಗೌಡ್ರ, ನಮ್ಮವ್ವ ಕಾಲುವಿಗೆ ಬಿದ್ದು ತೇಲಿಹೋದ್ಲು ಅಂದ್ರಿ. ಆ ವಾರ ವಾರಬಂದಿ ಇತ್ತಲ್ರೀ, ಕಾಲುವ್ಯಾಗ ನೀರು ಎಲ್ಲಿತ್ತು?"

ಗೌಡ ಉತ್ತರ ಬರೆಯೋಕೆ ನಾಲ್ಕು ದಿನ ತೆಗೆದುಕೊಂಡ. ಈ ಸಲ ಆರೇ ಸಾಲು.