ಎರಡು ಆಜ್ಞೆಗಳ ನಡುವೆ ಒಂದು ಹಡಗು

ಆಜ್ಞಾಪಾಲನೆಯೇ ನಾವಿಕನ ಧರ್ಮವೆಂದು ಹೇಳುವುದುಂಟು. ಆಜ್ಞೆ ಒಂದೇ ಆಗಿರುವವರೆಗೆ ಆ ಮಾತಿಗೆ ಎದುರಿಲ್ಲ. ಆದರೆ ಎರಡು ಬಾಯಿಗಳಿಂದ ಎರಡು ಆಜ್ಞೆಗಳು ಹೊರಟು, ಎರಡೂ ತಾಯ್ನಾಡಿನ ಹೆಸರನ್ನೇ ಹೇಳಿದರೆ? 1940ರಲ್ಲಿ ಫ್ರೆಂಚ್ ನಾವಿಕರ ಎದುರಿಗೆ ಬಂದು ನಿಂತ ಪ್ರಶ್ನೆ ಇದೇ. ಅದರ ಭಾರವನ್ನು ಅರಿಯಲು ‘ಲೆಯೋಪಾರ್’ ಎಂಬ ಒಂದು ಹಡಗಿನ ಕಥೆ ಸಾಕು.

ಲೆಯೋಪಾರ್ ಎಂದರೆ ಚಿರತೆ. 1924ರಲ್ಲಿ ನೀರಿಗಿಳಿದ ಈ ವಿಧ್ವಂಸಕ ನೌಕೆಯ ಉದ್ದ ಸುಮಾರು 126 ಮೀಟರು. ಅದರ ಮೇಲೆ ಐದು ದೊಡ್ಡ ಫಿರಂಗಿಗಳು. ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಹ ಆರು ನೌಕೆಗಳಲ್ಲಿ ಇದೊಂದು. ಉಳಿದ ಐದಕ್ಕೂ ಹುಲಿ, ನರಿ ಮುಂತಾದ ಕಾಡುಮೃಗಗಳ ಹೆಸರುಗಳೇ. ಅವುಗಳಲ್ಲಿ ಎರಡು, ‘ಜಾಗ್ವಾರ್’ ಮತ್ತು ‘ಶಕಾಲ್’, 1940ರ ಮೇ ತಿಂಗಳಲ್ಲಿ ಒಂದೇ ದಿನದ ಅಂತರದಲ್ಲಿ ಜರ್ಮನರ ದಾಳಿಗೆ ತುತ್ತಾದವು.

ಜೂನ್ 22ರಂದು ಫ್ರಾನ್ಸ್ ಶರಣಾಗತಿಯ ಒಪ್ಪಂದಕ್ಕೆ ಸಹಿ ಹಾಕಿತು. ಯುದ್ಧ ಮುಗಿಯಿತೆಂದು ಮಾರ್ಷಲ್ ಪೆತಾಂನ ಸರ್ಕಾರ ಸಾರಿದರೆ, ಯುದ್ಧ ಮುಗಿದಿಲ್ಲವೆಂದು ಲಂಡನ್ನಿನಿಂದ ಜನರಲ್ ಡಿ ಗಾಲ್ ಕೂಗಿ ಹೇಳಿದನು. ಲೆಯೋಪಾರ್ ಆಗ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿತ್ತು. ಫ್ರೆಂಚ್ ಹಡಗುಗಳು ಶತ್ರುವಿನ ಕೈಸೇರಿಯಾವೆಂಬ ಭಯದಿಂದ ಬ್ರಿಟಿಷರು ಜುಲೈ 3ರಂದು ಅದನ್ನು ವಶಪಡಿಸಿಕೊಂಡರು. ಅದೇ ದಿನ ಆಲ್ಜೀರಿಯಾದ ಮೆರ್ಸ್-ಎಲ್-ಕೆಬೀರ್‌ನಲ್ಲಿ ಫ್ರೆಂಚ್ ನೌಕಾಪಡೆಯ ಮೇಲೆ ಬ್ರಿಟಿಷ್ ಗುಂಡುಗಳು ಸುರಿದು, ಸುಮಾರು 1,300 ಮಂದಿ ಮಡಿದರು. ನಿನ್ನೆಯ ಮಿತ್ರನ ಕೈಯಿಂದಲೇ ಆದ ಸಾವು ಅದು.

ಇಂಗ್ಲೆಂಡಿನಲ್ಲಿದ್ದ ಫ್ರೆಂಚ್ ನಾವಿಕರಲ್ಲಿ ಬಹುಪಾಲು ಜನ ಊರಿಗೆ ಮರಳುವುದನ್ನೇ ಆರಿಸಿಕೊಂಡರು. ಅವರನ್ನು ಹೇಡಿಗಳೆನ್ನಲು ಯಾರಿಗೆ ಮನಸ್ಸು ಬಂದೀತು? ಅಲ್ಲಿ ಹೆಂಡತಿ ಮಕ್ಕಳಿದ್ದರು, ಮುದಿ ತಾಯ್ತಂದೆಗಳಿದ್ದರು. ಇಲ್ಲಿ ಸಂಗಾತಿಗಳ ಸಾವಿನ ಸಂಕಟವಿತ್ತು. ಉಳಿದುಕೊಂಡ ಕೆಲವರಾದರೋ, ಮನೆಯವರಿಗೆ ಕೇಡಾಗದಿರಲೆಂದು ಹೆಸರನ್ನೇ ಬದಲಿಸಿಕೊಂಡರು. ಮುಂದೆ ಲೆಯೋಪಾರಿನ ಕಪ್ತಾನನಾದ ಜೂಲ್ ಎವೆನು ‘ಜಾಕ್ ರಿಶಾರ್’ ಎಂಬ ಹೆಸರನ್ನು ಧರಿಸಿದನು. ಆಗಸ್ಟ್ ಅಂತ್ಯದ ವೇಳೆಗೆ ಲೆಯೋಪಾರ್ ಡಿ ಗಾಲನ ಸ್ವತಂತ್ರ ಫ್ರೆಂಚ್ ಪಡೆಗೆ ಸೇರಿತು. ಹಡಗಿನ ಹೆಸರು ಉಳಿಯಿತು. ಮನುಷ್ಯನ ಹೆಸರು ಮರೆಯಾಯಿತು!

ಅಲ್ಲಿಂದ ಮುಂದೆ ಅಟ್ಲಾಂಟಿಕ್ ಸಾಗರದಲ್ಲಿ ಸರಕು ಹಡಗುಗಳಿಗೆ ಕಾವಲು. 1942ರ ಜುಲೈ 11ರಂದು ಎರಡು ಬ್ರಿಟಿಷ್ ನೌಕೆಗಳ ಜೊತೆಗೂಡಿ ಲೆಯೋಪಾರ್ ‘ಯು-136’ ಎಂಬ ಜರ್ಮನ್ ಜಲಾಂತರ್ಗಾಮಿಯನ್ನು ಮುಳುಗಿಸಿತು. ಅದರೊಳಗಿದ್ದವರಲ್ಲಿ ಒಬ್ಬನೂ ಬದುಕಲಿಲ್ಲ.

ಅದೇ ವರ್ಷದ ನವೆಂಬರ್ 27ರಂದು ಜರ್ಮನರು ತುಲೋನ್ ಬಂದರಿಗೆ ನುಗ್ಗಿದಾಗ, ಅಲ್ಲಿದ್ದ ಫ್ರೆಂಚರು ತಮ್ಮ ಹಡಗುಗಳನ್ನು ತಮ್ಮ ಕೈಯಿಂದಲೇ ಮುಳುಗಿಸಿದರು. ಲೆಯೋಪಾರಿನ ಒಡಹುಟ್ಟಾದ ‘ಲಿಂಕ್ಸ್’ ಹಾಗೆ ನೀರುಪಾಲಾಯಿತು. ಉಳಿದೆರಡು, ‘ತೀಗ್ರ್’ ಮತ್ತು ‘ಪಾಂತೇರ್’, ಇಟಲಿಯ ಪಾಲಾದವು. ಮರುದಿನವೇ, ಬಹುದೂರದ ಹಿಂದೂ ಮಹಾಸಾಗರದಲ್ಲಿ, ಪೆತಾಂನ ಸರ್ಕಾರಕ್ಕೆ ನಿಷ್ಠವಾಗಿದ್ದ ರೆಯೂನಿಯನ್ ದ್ವೀಪದಲ್ಲಿ ಲೆಯೋಪಾರ್ ತನ್ನ ಜನರನ್ನು ಇಳಿಸಿತು. ದಡದ ಫಿರಂಗಿ ಗರ್ಜಿಸಿತು, ಹಡಗಿನ ಫಿರಂಗಿ ಉತ್ತರ ಕೊಟ್ಟಿತು. ಎರಡೂ ಕಡೆ ಫ್ರೆಂಚರೇ. ಕೆಲವು ಪ್ರಾಣಗಳು ಹೋದವು. ನವೆಂಬರ್ 30ರಂದು ಗವರ್ನರ್ ಒಬೇರ್ ಶರಣಾದನು. ದ್ವೀಪ ಡಿ ಗಾಲನ ಪಕ್ಷಕ್ಕೆ ಬಂದಿತು.

ಇಷ್ಟೆಲ್ಲ ಕಂಡ ಹಡಗಿಗೆ ವೀರಮರಣವೂ ದಕ್ಕಲಿಲ್ಲ. 1943ರ ಮೇ 27ರಂದು ಲಿಬಿಯಾದ ಕರಾವಳಿಯಲ್ಲಿ ನೆಲಕಚ್ಚಿದ ಲೆಯೋಪಾರ್ ಮತ್ತೆ ತೇಲಲಿಲ್ಲ.

ಒಂದೇ ಅಚ್ಚಿನ ಆರು ಹಡಗುಗಳು. ಅವುಗಳಿಗೆ ಒದಗಿದ ಗತಿ ಮಾತ್ರ ಬೇರೆ ಬೇರೆ. ಉಕ್ಕಿಗೆ ನಿಷ್ಠೆಯೆಂಬುದಿಲ್ಲ. ಚುಕ್ಕಾಣಿ ಹಿಡಿದ ಮನುಷ್ಯನೇ ಅದನ್ನು ಆರಿಸಬೇಕು. ಆರಿಸಿದ ಮೇಲೆ ಅದರ ಬೆಲೆಯನ್ನೂ ಅವನೇ ತೆರಬೇಕು.