ಶಿರೋಗಾಯವೂ ಸ್ವಭಾವವೂ

ಕಾಲು ಮುರಿದವನು ಕುಂಟಿದರೆ ಜನರು ಕನಿಕರಪಡುವರು. ತಲೆಗೆ ಪೆಟ್ಟು ಬಿದ್ದವನು ಸಿಡುಕಿದರೆ ದುರ್ಗುಣಿಯೆನ್ನುವರು. ಕುಂಟುವುದು ಗಾಯದ ಫಲ, ಸಿಡುಕುವುದು ಮನುಷ್ಯನ ದೋಷ ಎಂಬುದು ಲೋಕದ ಎಣಿಕೆ. ಈ ಎಣಿಕೆಯನ್ನು ತಿದ್ದುವುದರಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದವರು ಜರ್ಮನಿಯ ವೈದ್ಯರಾದ ಕುರ್ಟ್ ಗೋಲ್ಡ್‌ಸ್ಟೈನರು.

ಇವರು 1878ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಕಾಟೋವಿಟ್ಸ್ ಪಟ್ಟಣದಲ್ಲಿ, ಯೆಹೂದ್ಯ ಮನೆತನವೊಂದರಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಮಿದುಳಿಗೆ ಗಾಯವಾಗಿಯೂ ಬದುಕುಳಿದ ಸೈನಿಕರಿಗಾಗಿ ಫ್ರಾಂಕ್‌ಫರ್ಟಿನಲ್ಲಿ ಒಂದು ಸಂಸ್ಥೆಯನ್ನು ನಡೆಸಿದರು. ಚಿಕಿತ್ಸೆಯೊಡನೆ ಪಾಠವೂ ಕೈಕೆಲಸದ ಅಭ್ಯಾಸವೂ ಅಲ್ಲಿ ನಡೆಯುತ್ತಿದ್ದುವು. ಮನಶ್ಶಾಸ್ತ್ರಜ್ಞರಾದ ಅಡೆಮಾರ್ ಗೆಲ್ಬರು ಅವರಿಗೆ ಸಹಕಾರಿಗಳಾಗಿದ್ದರು.

ಸುಲಭವಾದ ಲೆಕ್ಕವನ್ನು ಮಾಡುವಾಗ ಸೌಮ್ಯನಾಗಿದ್ದ ರೋಗಿಯು, ತನಗೆ ಮೀರಿದ ಲೆಕ್ಕವು ಎದುರಾದೊಡನೆ ಬಿಳಿಚಿ, ತಳಮಳಗೊಂಡು, ಕೋಪದಿಂದ ಕೆರಳುತ್ತಿದ್ದನು. ಗೋಲ್ಡ್‌ಸ್ಟೈನರು ಇದನ್ನು ಮಹಾವಿಪತ್ತಿನ ಪ್ರತಿಕ್ರಿಯೆಯೆಂದು ಕರೆದರು. ಇನ್ನು ಕೆಲವರು ತಮ್ಮ ಸಾಮಾನುಗಳನ್ನು ವಿಪರೀತ ಅಚ್ಚುಕಟ್ಟಾಗಿ ಜೋಡಿಸಿಡುತ್ತಿದ್ದರು; ಒಂದು ಕದಲಿದರೂ ಅವರಿಗೆ ಕಳವಳವೇ. ನೀರಿದ್ದ ಲೋಟದಿಂದ ಸರಾಗವಾಗಿ ಕುಡಿಯುವವನು ಬರಿಯ ಲೋಟದಿಂದ ಕುಡಿದಂತೆ ನಟಿಸಲಾರನು. ನೋಡಿದವರಿಗೆ ಇವು ಹಟವಾಗಿಯೋ ಗೀಳಾಗಿಯೋ ಕಾಣಬಹುದು. ಗೋಲ್ಡ್‌ಸ್ಟೈನರಿಗೆ ಕಂಡದ್ದು ಬೇರೆ: ಕಣ್ಣೆದುರಿಗಿಲ್ಲದುದನ್ನು ಕಲ್ಪಿಸುವ ಶಕ್ತಿಯು ಕುಂದಿದವನು ತನಗೆ ನಿಲುಕುವಷ್ಟು ಕಿರಿದಾದ ಲೋಕವನ್ನು ಕಟ್ಟಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತಿದ್ದಾನೆ.

ಆದುದರಿಂದ ವೈದ್ಯನ ಮೊದಲ ಕಾರ್ಯವು ರೋಗಿಯ ಶಕ್ತಿಗೆ ತಕ್ಕ ಪರಿಸರವನ್ನು ಏರ್ಪಡಿಸುವುದು. ಆದರೆ ಆ ಆಸರೆಯೇ ಸೆರೆಯಾಗಲೂಬಹುದು. ಕಟ್ಟುಗಳು ಹೆಚ್ಚಾದರೆ ನೆಮ್ಮದಿಯುಂಟು, ಸ್ವಾತಂತ್ರ್ಯವಿಲ್ಲ. ಕಟ್ಟುಗಳು ಸಡಿಲಿದರೆ ಸ್ವಾತಂತ್ರ್ಯವುಂಟು, ಸಂಕಟವೂ ಉಂಟು. ಎಷ್ಟನ್ನು ಸಹಿಸಬೇಕೆಂಬ ಆಯ್ಕೆಯಲ್ಲಿ ರೋಗಿಗೂ ಪಾಲಿರಬೇಕೆಂಬುದು ಅವರ ಮತ.

ಇಂತಹ ಆಯ್ಕೆಯು ಅವರ ಪಾಲಿಗೆ ದೊರೆಯಲಿಲ್ಲ. 1933ರಲ್ಲಿ ಬರ್ಲಿನ್ನಿನ ಆಸ್ಪತ್ರೆಯಲ್ಲಿದ್ದಾಗ ನಾಜಿಗಳು ಅವರನ್ನು ಸೆರೆಹಿಡಿದರು. ದೇಶವನ್ನು ಬಿಡುವ ಕರಾರಿನ ಮೇಲೆ ಬಿಡುಗಡೆಯಾಯಿತು. ಆಮ್‌ಸ್ಟರ್ಡಾಮಿನಲ್ಲಿ ಆಶ್ರಯ ಪಡೆದು, ಜೀವಿಯನ್ನು ಅಖಂಡವಾಗಿ ಕಾಣಬೇಕೆಂಬ ತಮ್ಮ ಮಹಾಗ್ರಂಥವನ್ನು ಸಿದ್ಧಪಡಿಸಿದರು. ಅದು 1934ರಲ್ಲಿ ಪ್ರಕಟವಾಯಿತು. ಮರುವರ್ಷ ಅಮೆರಿಕೆಗೆ ಹೋಗಿ, ಐವತ್ತು ದಾಟಿದ ವಯಸ್ಸಿನಲ್ಲಿ ಪರಭಾಷೆಯಲ್ಲಿ ವೃತ್ತಿಯನ್ನು ಮತ್ತೆ ಕಟ್ಟಿದರು. 1942ರಲ್ಲಿ, ಇನ್ನೊಂದು ಮಹಾಯುದ್ಧದ ನಡುವೆ, ಯುದ್ಧದ ಶಿರೋಗಾಯಗಳ ವಿಷಯವಾಗಿ ಅವರ ಪುಸ್ತಕವು ಹೊರಬಂದಿತು. 1965ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಇಂದು ಯುದ್ಧಕ್ಕೆ ಹೋಗದವರಿಗೂ ರಸ್ತೆಯ ಅಪಘಾತಗಳಿಂದ ಇಂತಹ ಗಾಯಗಳಾಗುತ್ತಿವೆ. ಹೊಲಿಗೆ ಮಾಯ್ದು ಮನೆಗೆ ಬಂದವನು ಮೊದಲಿನವನಲ್ಲವೆಂದು ಮನೆಯವರು ಕಣ್ಣೀರಿಡುತ್ತಾರೆ. ಅವನು ಕೆರಳಿದ ಗಳಿಗೆಯಲ್ಲಿ, ಯಾವ ಕೆಲಸವು ಅವನಿಗೆ ಮೀರಿತೆಂದು ಅವರು ವಿಚಾರಿಸುವಂತಾದರೆ, ಗೋಲ್ಡ್‌ಸ್ಟೈನರ ದುಡಿಮೆಯ ಫಲವು ಆ ಮನೆಗೂ ಸಂದಂತಾಗುವುದು.